ಮಲಪ್ರಭೆಯ ನಾಡು ಬರೆದ ಭೂಶಾಸನ

ಅಗಸ್ತ್ಯತೀರ್ಥದ ಮೇಲೆ ನಿಂತ ಕೆಂಬಂಡೆಗಳ ನೆತ್ತಿಯಲ್ಲಿ ಚಾಲುಕ್ಯರ ಒಂದನೆಯ ಪುಲಿಕೇಶಿ 543ರಲ್ಲಿ ದುರ್ಗವನ್ನು ಕಟ್ಟಿಸಿದಂದಿನಿಂದ ಎರಡು ಶತಮಾನಗಳ ಕಾಲ ದಕ್ಷಿಣಾಪಥದ ಭಾಗ್ಯ ಬಾದಾಮಿಯಲ್ಲಿ ನಿರ್ಣಯವಾಯಿತು. ಉತ್ತರದ ಹರ್ಷನನ್ನು ನರ್ಮದೆಯಲ್ಲೇ ತಡೆದ ಇಮ್ಮಡಿ ಪುಲಿಕೇಶಿಯ ಪ್ರತಾಪ, ಪಲ್ಲವರು ಹೊತ್ತಿಸಿದ ಬೆಂಕಿಯಲ್ಲಿ ಬೆಂದ ರಾಜಧಾನಿ, ಅದನ್ನು ಮರಳಿ ಎತ್ತಿ ನಿಲ್ಲಿಸಿದ ಒಂದನೆಯ ವಿಕ್ರಮಾದಿತ್ಯನ ಛಲ, ಇವೆಲ್ಲ ನಮ್ಮ ಮನೆಮಾತು. ಆ ವಂಶ ಬಿಟ್ಟುಹೋದ ಇನ್ನೊಂದು ಸ್ವತ್ತಿನ ಕಡೆಗೆ ನಾವು ಅಷ್ಟಾಗಿ ಕಣ್ಣು ಹಾಯಿಸಿಲ್ಲ. ವಿಜಯಾದಿತ್ಯನ ಆಳ್ವಿಕೆಯಲ್ಲಿ, ಎಂಟನೆಯ ಶತಮಾನದ ಮೊದಲ ಪಾದದಲ್ಲಿ, ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಒಂದು ಆಚಾರವ್ಯವಸ್ಥೆಯನ್ನು ಹಾಕಿಕೊಟ್ಟ. ರಾಜಪುರುಷರು ಕಾಪಾಡಬೇಕಾದದ್ದು ಏನು, ಒಕ್ಕಲು ಕೊಡಬೇಕಾದದ್ದು ಏನು ಎಂಬುದು ಅದರಲ್ಲಿ ಕನ್ನಡದಲ್ಲಿಯೇ ಕಲ್ಲಿಗೆ ಇಳಿದಿದೆ. ಮನೆದೆರೆಯನ್ನು ಅಲ್ಲಿ ಎಲ್ಲರ ಮೇಲೆ ಒಂದೇ ಸಮನಾಗಿ ಹೇರಿಲ್ಲ; ಉತ್ತಮ ಸ್ಥಿತಿಯ ಒಕ್ಕಲಿಗೆ ಹತ್ತು ಪಣ, ಮಧ್ಯಮಕ್ಕೆ ಏಳು, ಅದಕ್ಕೂ ಕೆಳಗಿನದಕ್ಕೆ ಐದು, ತೀರ ಕಡೆಯದಕ್ಕೆ ಮೂರು. ಬಡವನ ಒಲೆಯನ್ನು ಅಳೆದು ತೆರಿಗೆ ಕಟ್ಟಿದ ಈ ಕಲ್ಲನ್ನು ನಾನು ಐಹೊಳೆಯ ಪ್ರಶಸ್ತಿಗೆ ಸರಿಸಮನಾಗಿ ಇಡುತ್ತೇನೆ.

ವಿಧಿ ಯಾವ ಸಿಂಹಾಸನವನ್ನೂ ಉಳಿಸುವುದಿಲ್ಲ. ಎಂಟನೆಯ ಶತಮಾನದ ನಡುವಿನಲ್ಲಿ ದಂತಿದುರ್ಗನೆದುರು ಚಾಲುಕ್ಯರ ವರಾಹಧ್ವಜ ಇಳಿಯಿತು. ರಾಷ್ಟ್ರಕೂಟರು, ಕಲ್ಯಾಣದ ಅರಸರು, ವಿಜಯನಗರದ ರಾಯರು, ವಿಜಾಪುರದ ಆದಿಲಶಾಹಿಗಳು, ಪೇಶ್ವೆಗಳು ಒಬ್ಬರಾದ ಮೇಲೊಬ್ಬರು ಈ ಎರೆಯ ನೆಲದ ಕಂದಾಯವನ್ನು ಎಣಿಸಿಕೊಂಡು ಹೋದರು. 1818ರಲ್ಲಿ ಮನ್ರೋನ ಪಡೆ ಬಾದಾಮಿಯ ಕೋಟೆಯನ್ನು ಹಿಡಿದ ಮೇಲೆ ಕಂದಾಯ ಕಂಪನಿಯ ದಫ್ತರಿಗೆ ಸೇರಿತು. 1876ರಲ್ಲಿ ಮಳೆ ಕೈಕೊಟ್ಟು ಕ್ಷಾಮ ಬಂದಾಗ ಆ ದಫ್ತರಿನ ಹೃದಯ ಎಂಥದೆಂಬುದು ಬಯಲಾಯಿತು. ಪರಿಹಾರದ ಕೆಲಸಕ್ಕೆ ಬಂದ ಹಸಿದ ಕೂಲಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೊಂದು ಆಣೆ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಲೆಕ್ಕ ಹಾಕಿದರು. 1872ರ ಜನಗಣತಿಗೂ 1881ರ ಗಣತಿಗೂ ನಡುವೆ ಅಂದಿನ ಕಲಾದಗಿ ಜಿಲ್ಲೆ ತನ್ನ ಜನರಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿತು. ಬದುಕಿ ಉಳಿದವರಲ್ಲಿ ಎಷ್ಟೋ ಜನರ ಹೊಲ ಸಾವುಕಾರನ ಪಾಲಾಗಿ, ತಾವೇ ಬಿತ್ತಿದ ಬಿಳಿಜೋಳದಲ್ಲಿ ಅರ್ಧವನ್ನು ಇನ್ನೊಬ್ಬನ ಹಗೇವಿಗೆ ಹೊತ್ತು ಹಾಕುವ ಲಾವಣಿಯ ಬಾಳು ತಲೆಮಾರುಗಳಿಗೆ ಗಂಟುಬಿತ್ತು.

1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮುಂಬಯಿಯಿಂದ ಬಿಡಿಸಿಕೊಂಡು ವಿಶಾಲ ಮೈಸೂರಿಗೆ ಸೇರಿದಾಗ, ಈ ಸೀಮೆ ಮುಂಬಯಿಯ 1948ರ ಕುಳಕಾಯ್ದೆಯನ್ನೂ ತನ್ನ ಜೊತೆಗೆ ತಂದಿತು. ಐದು ಕಡೆಯಿಂದ ಬಂದು ಕೂಡಿದ ಕನ್ನಡನಾಡಿಗೆ ಗೇಣಿಯ ವಿಷಯದಲ್ಲಿ ಏಕರೂಪದ ನ್ಯಾಯ ಬೇಕೆಂದು 1957ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷತೆ ಜಮಖಂಡಿ ಬಳಿಯ ಸಾವಳಗಿಯ ಬಿ.ಡಿ. ಜತ್ತಿಯವರ ಪಾಲಿಗೆ ಬಂದದ್ದು ಆಕಸ್ಮಿಕವಲ್ಲ. ಪಟವರ್ಧನರ ಸಂಸ್ಥಾನದಲ್ಲಿ ವಕೀಲಿ ಮಾಡಿ, ಮುಂಬಯಿ ಸರಕಾರದಲ್ಲಿ ಕಾರ್ಮಿಕ ಖಾತೆಯ ಉಪಮಂತ್ರಿಯಾಗಿದ್ದ ಅವರಿಗೆ ಕುಳಕಾಯ್ದೆಯ ಬಲವೂ ಅದರ ಬಿರುಕೂ ಗೊತ್ತಿದ್ದವು. ಮರುವರ್ಷ ಅವರೇ ಮುಖ್ಯಮಂತ್ರಿಯಾದರು. ಮಸೂದೆ ಸದನಕ್ಕೆ ಬಂತು, ಜಂಟಿ ಸಮಿತಿಗೆ ಹೋಯಿತು, ವರ್ಷಗಳ ಜಗ್ಗಾಟದ ಬಳಿಕ 1961ರಲ್ಲಿ ಅಂಗೀಕಾರವಾಯಿತು. ಆ ಸದನದ ಸಭಾಧ್ಯಕ್ಷಪೀಠದಲ್ಲಿ ಹುನಗುಂದದ ಶಾಸಕ ಎಸ್.ಆರ್. ಕಂಠಿ ಕುಳಿತಿದ್ದರು. 1962ರ ಚುನಾವಣೆಯ ನಂತರ ಜತ್ತಿಯವರ ಅಧಿಕಾರ ಮುಗಿಯಿತು, ಕಂಠಿಯವರು ನೂರು ದಿನವೂ ತುಂಬದ ಮುಖ್ಯಮಂತ್ರಿಯಾದರು, ಹೊಸದುರ್ಗದಲ್ಲಿ ಸೋತ ಎಸ್. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದು ಅವರಿಂದ ಅಧಿಕಾರ ವಹಿಸಿಕೊಂಡರು. ಒಂದೇ ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳ ಹೆಸರು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಈ ಮಡಿಲಿಗೆ ಬೆಸೆದುಕೊಂಡಿತು. ಇಷ್ಟೆಲ್ಲ ಯೋಗ ಕೂಡಿಬಂದಿದ್ದರೂ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆಂದು ಭೂಮಿ ಮರಳಿ ಪಡೆಯುವ ಹಕ್ಕನ್ನು ಕಾಯ್ದೆಯೇ ಒಡೆಯನಿಗೆ ಬಿಟ್ಟುಕೊಟ್ಟಿತ್ತು. ನಡುವಿನ ನಾಲ್ಕು ವರ್ಷಗಳು ಅವನಿಗೆ ದೊರೆತ ಬಿಡುವಾದವು. ಪಾಲುಗಳು ಅಣ್ಣತಮ್ಮಂದಿರ ಹೆಸರಿಗೆ ಹಂಚಿಹೋದವು, ಗೇಣಿದಾರ ಖುಷಿಯಿಂದ ಬಿಟ್ಟುಕೊಟ್ಟನೆಂಬ ಕಾಗದಗಳ ಮೇಲೆ ಹೆಬ್ಬೆಟ್ಟುಗಳು ಬಿದ್ದವು. ಆ ವಿಳಂಬವನ್ನು ನಾನು ಕ್ಷಮಿಸಲಾರೆ.

ತುಂಡಾದ ಆ ಸಂಕಲ್ಪವನ್ನು ಪೂರ್ಣಗೊಳಿಸುವ ಕಾರ್ಯ ಹುಣಸೂರಿನ ದೇವರಾಜ ಅರಸರಿಗೆ ಮೀಸಲಾಗಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು, ಉಳುವವನು ಅದರ ಒಡೆತನಕ್ಕೆ ಅರ್ಜಿ ಹಾಕಬೇಕಾಯಿತು. ತಾಲೂಕಿಗೊಂದು ಭೂನ್ಯಾಯ ಮಂಡಳಿ, ಉಪವಿಭಾಗಾಧಿಕಾರಿಯೇ ಅದರ ಅಧ್ಯಕ್ಷ, ಜೊತೆಗೆ ಸರಕಾರ ನೇಮಿಸಿದ ಸಾರ್ವಜನಿಕರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಓದು ಬಾರದ ಗೇಣಿದಾರ ಫಾರಂ ನಂಬರ್ ಏಳನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದು, ತನ್ನ ಹೊಲದ ಬದು ಎಲ್ಲಿ ತಿರುಗುತ್ತದೆ, ಬೇವಿನ ಗಿಡ ಯಾವ ಮೂಲೆಗಿದೆ, ಸುಗ್ಗಿಯ ಪಾಲು ಯಾರ ಮನೆಗೆ ಹೋಗುತ್ತಿತ್ತು ಎಂಬುದನ್ನು ತನ್ನ ಬಾಯಿಂದಲೇ, ತನ್ನ ಮಾತಿನಲ್ಲೇ ಹೇಳಬಹುದಾಯಿತು. ನಾಡಿನಾದ್ಯಂತ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಕರಾವಳಿ, ಮಲೆನಾಡುಗಳಲ್ಲಿ ದೊರೆತಷ್ಟು ದೊಡ್ಡ ಫಲ ನಮ್ಮ ಬಯಲುಸೀಮೆಗೆ ದೊರೆಯಲಿಲ್ಲ ಎಂಬುದೂ ನಿಜ; ಮಳೆ ನಂಬಿದ ಹೊಲಕ್ಕೆ ಬಾಯಿಮಾತಿನ ಲಾವಣಿಯೇ ಹೆಚ್ಚು, ಬಾಯಿಮಾತಿಗೆ ದಾಖಲೆ ಎಲ್ಲಿಂದ ಬರಬೇಕು?

ಇಳಕಲ್ಲಿನ ನೇಕಾರನ ಹೊಸ್ತಿಲನ್ನು ಭೂಶಾಸನ ಮುಟ್ಟಲೇ ಇಲ್ಲ. ಅವನ ಭೂಮಿಯೆಂದರೆ ಕಾಲು ಇಳಿಬಿಡುವಷ್ಟು ತೋಡಿದ ಮಗ್ಗದ ಕುಣಿ. ಸೀರೆಯ ಮೈಯ ಹತ್ತಿ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಬೆಸೆದು, ಕೆಂಪು ನೆಲದ ಮೇಲೆ ಬಿಳಿಯ ತೋಪತೆನಿ ಎಬ್ಬಿಸುವ ಆ ಕೈಗೆ ಸಿಗುತ್ತಿದ್ದುದು ನೂಲು ಕೊಟ್ಟ ಸಾವುಕಾರ ಎಣಿಸುವ ಮಜೂರಿ. ಮುಂಗಡದ ಹಣ ಅವನನ್ನು ಅದೇ ಕುಣಿಗೆ ಕಟ್ಟಿಹಾಕುತ್ತಿತ್ತು. ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತ, ಭೂಹೀನ ಕೂಲಿಕಾರ, ದುರ್ಬಲ ವರ್ಗದವರ ಸಾಲವನ್ನು ಅಳಿಸಿ, ಅಡವಿಟ್ಟ ಒಡವೆಯನ್ನು ಮರಳಿಸಬೇಕೆಂದು ವಿಧಿಸಿತು. ಸಾಲ ಅಳಿಯಿತು; ಮರುದಿನದ ನೂಲಿಗೆ ದುಡ್ಡು ಕೊಡುವವರು ಯಾರೆಂಬುದನ್ನು ಕಾಯ್ದೆ ಹೇಳಲಿಲ್ಲ.

ಅಷ್ಟರೊಳಗೆ ಇನ್ನೊಂದು ಮಹತ್ವಾಕಾಂಕ್ಷೆ ಕೃಷ್ಣೆಗೆ ಅಡ್ಡಲಾಗಿ ಮೇಲೇಳುತ್ತಿತ್ತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಜಲಾಶಯದ ಹಿನ್ನೀರು ಮುಂದೆ ನದಿದಡದ ಹಳ್ಳಿಗಳನ್ನೂ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನೂ ನುಂಗಿತು. ನವನಗರ ಎದ್ದಿತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯ ಪಟ್ಟವನ್ನೇರಿತು. ದೂರದ ಬಯಲುಗಳಿಗೆ ನೀರುಣಿಸಲೆಂದು ಇಲ್ಲಿಯ ಅತ್ಯುತ್ತಮ ಎರೆಹೊಲಗಳು ಮುಳುಗಿದ ಆ ದಿನಗಳಲ್ಲಿ ಜತ್ತಿ, ಅರಸರ ಶಾಸನಗಳ ಬೆಲೆ ಹೊಸ ರೀತಿಯಲ್ಲಿ ತಿಳಿಯಿತು. ಮಂಡಳಿಯ ತೀರ್ಪಿನಿಂದ ಉತಾರದಲ್ಲಿ ಹೆಸರು ಏರಿಸಿಕೊಂಡಿದ್ದ ಹಳೆಯ ಗೇಣಿದಾರ ಭೂಸ್ವಾಧೀನದ ನೋಟಿಸನ್ನು ಒಡೆಯನಾಗಿಯೇ ಕೈಗೆ ತೆಗೆದುಕೊಂಡ, ಹೊಲದ ದರ ಕಡಿಮೆಯಾಯಿತೆಂದು ಕೋರ್ಟಿನ ಮೆಟ್ಟಿಲನ್ನೂ ಹತ್ತಿದ. ಅದೇ ಹೊಲದಲ್ಲಿ ಕಳೆ ತೆಗೆದು, ತೆನೆ ಮುರಿದು ಬಾಳಿದ ಕೂಲಿಯವಳ ಹೆಸರು ಉತಾರದಲ್ಲಿರಲಿಲ್ಲ. ಅವಳು ಕಳೆದುಕೊಂಡ ದಿನಗೂಲಿಗೆ ಯಾವ ಅಧಿಕಾರಿಯೂ ದರ ಕಟ್ಟಲಿಲ್ಲ.