ಜಮಾತಿನ ರಾಜಿ ಮತ್ತು ಅದರ ಗಡಿ: ಹುಬ್ಬಳ್ಳಿ, ತಾವರೆಕೆರೆಯ ಎರಡು ನಿದರ್ಶನಗಳು

ಸಾಸ್ವೆಹಳ್ಳಿ, ಚನ್ನಗಿರಿ ಸೀಮೆಯ ಊರುಗಳಲ್ಲಿ ಗಂಡ-ಹೆಂಡಿರ ಮನಸ್ತಾಪ, ಅಣ್ಣತಮ್ಮಂದಿರ ಪಾಲಿನ ತಕರಾರು ಠಾಣೆಯ ಮೆಟ್ಟಿಲೇರುವ ಮುನ್ನ ಹಿರಿಯರ ಮುಂದೆ ಬರುವುದುಂಟು. ಮುಸ್ಲಿಮರಲ್ಲಿ ಆ ಹಿರಿಯರ ಜಾಗದಲ್ಲಿ ಹೆಚ್ಚಾಗಿ ನಿಲ್ಲುವುದು ಮಸೀದಿಯ ಜಮಾತ್. ಅದರ ರಾಜಿಗೆ ಬಲ ಎಲ್ಲಿಂದ ಬರುತ್ತದೆ, ಆ ಬಲ ಎಲ್ಲಿ ಮುಗಿಯುತ್ತದೆ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಮೊದಲ ನಿದರ್ಶನ ಹುಬ್ಬಳ್ಳಿಯ ಈದ್ಗಾ ಮೈದಾನದ್ದು. 1921ರಲ್ಲಿ ಪುರಸಭೆಯು ಈ ಜಾಗವನ್ನು ಪ್ರಾರ್ಥನೆಗಾಗಿ 999 ವರ್ಷಗಳ ಕರಾರಿನಲ್ಲಿ ಊರಿನ ಮುಸ್ಲಿಮರ ಸಂಸ್ಥೆಯಾದ ಅಂಜುಮನ್-ಎ-ಇಸ್ಲಾಂಗೆ ಕೊಟ್ಟಿತ್ತು. 1990ರ ದಶಕದ ಆರಂಭದಲ್ಲಿ ಅಲ್ಲಿ ರಾಷ್ಟ್ರಧ್ವಜ ಹಾರಿಸುವ ಚಳವಳಿ ಕಾವೇರಿತು. 1994ರ ಆಗಸ್ಟ್ 15ರ ಗೋಲಿಬಾರಿನಲ್ಲಿ ಜೀವಗಳು ಹೋದವು. 1995ರಲ್ಲಿ, ಎಚ್.ಡಿ. ದೇವೇಗೌಡರ ಸರ್ಕಾರದ ಕಾಲದಲ್ಲಿ, ಅಂಜುಮನ್ ತಾನೇ ಅಲ್ಲಿ ಧ್ವಜ ಹಾರಿಸಿತು. ಧ್ವಜದ ಜಗಳ ಅಲ್ಲಿಗೆ ತಣಿಯಿತು. ಜಾಗದ ಹಕ್ಕಿಗಾಗಿ ನಡೆದಿದ್ದ ಕಾನೂನು ಹೋರಾಟವನ್ನು ಮಾತ್ರ ಅಂಜುಮನ್ ಕೈಬಿಡಲಿಲ್ಲ. 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲ್ಮನವಿಯನ್ನು ವಜಾ ಮಾಡುವವರೆಗೂ ವ್ಯಾಜ್ಯ ನಡೆಯಿತು. ಹಕ್ಕಿನ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಬಿಟ್ಟು, ಬೀದಿಯ ಪ್ರಶ್ನೆಯನ್ನು ಬೇರೆಯಾಗಿ ಬಗೆಹರಿಸಿದ್ದು ಇಲ್ಲಿ ಗಮನಾರ್ಹ. ಆದರೆ ಆ ರಾಜಿಯ ವ್ಯಾಪ್ತಿ ಧ್ವಜಕ್ಕಷ್ಟೇ ಇತ್ತು. 2022ರಲ್ಲಿ ಗಣೇಶೋತ್ಸವದ ನೆಪದಲ್ಲಿ ಅದೇ ಮೈದಾನ ಮತ್ತೆ ಹೈಕೋರ್ಟಿಗೆ ಹೋಯಿತು.

ಎರಡನೆಯದು ಚನ್ನಗಿರಿ ತಾಲ್ಲೂಕಿನ ತಾವರೆಕೆರೆಯದು. 2025ರ ಏಪ್ರಿಲ್‌ನಲ್ಲಿ ಒಬ್ಬಾತ ಹೆಂಡತಿಯ ಮೇಲೆ ಮಸೀದಿಗೆ ದೂರು ಕೊಟ್ಟ. ಅಲ್ಲಿಗೆ ಬಂದ ಆಕೆಯ ಮೇಲೆ ಮಸೀದಿಯ ಮುಂದೆಯೇ ಹಲ್ಲೆ ನಡೆಯಿತು. ಪೊಲೀಸರು ಆರು ಮಂದಿಯನ್ನು ಬಂಧಿಸಿದರು. ಅಪರಾಧ ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಮಗಿಲ್ಲಿ ಮುಖ್ಯವಾದದ್ದು ದೂರು ಸಾಗಿದ ದಾರಿ: ಮನೆಯೊಳಗಿನ ಮಾತು ಮಸೀದಿಗೆ ಹೋಗಿ, ಅಲ್ಲಿಂದ ಗುಂಪಿನ ಕೈಗೆ ಸಿಕ್ಕಿತು.

ಧರ್ಮಗ್ರಂಥದಲ್ಲಾಗಲಿ ಕಾನೂನಿನಲ್ಲಾಗಲಿ ಇಂಥ ಗುಂಪು ನ್ಯಾಯಕ್ಕೆ ಆಧಾರವಿಲ್ಲ. ದಂಪತಿಗಳ ಒಡಕಿಗೆ ಕುರ್‌ಆನಿನ ನಾಲ್ಕನೇ ಅಧ್ಯಾಯದ 35ನೇ ಸೂಕ್ತವು ಗಂಡನ ಕಡೆಯಿಂದ ಒಬ್ಬರು, ಹೆಂಡತಿಯ ಕಡೆಯಿಂದ ಒಬ್ಬರು ಮಧ್ಯಸ್ಥರನ್ನು ವಿಧಿಸುತ್ತದೆ, ಉದ್ದೇಶ ಕೂಡಿಸುವುದು. 1995ರ ವಕ್ಫ್ ಕಾಯ್ದೆಯ 50ನೇ ಕಲಂ ಮುತವಲ್ಲಿಗೆ, ಅಂದರೆ ವಕ್ಫ್ ಆಸ್ತಿಯ ಮೇಲ್ವಿಚಾರಕನಿಗೆ, ಹೊರಿಸುವುದು ಆಸ್ತಿ, ಲೆಕ್ಕಪತ್ರಗಳ ಹೊಣೆಯನ್ನು. ತೀರ್ಪು ಕೊಡುವ ಅಧಿಕಾರವನ್ನಲ್ಲ. 2014ರ ಜುಲೈ 7ರಂದು ವಿಶ್ವ ಲೋಚನ್ ಮದನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರುಲ್ ಖಜಾಗಳನ್ನು (ಶರಿಯತ್ ಪ್ರಕಾರ ವ್ಯಾಜ್ಯ ಆಲಿಸುವ ಪೀಠಗಳನ್ನು) ನಿಷೇಧಿಸಲಿಲ್ಲ. ಅವುಗಳ ಮಾತನ್ನು ಒಪ್ಪುವುದೂ ಬಿಡುವುದೂ ಕಕ್ಷಿದಾರರ ಇಷ್ಟ, ಬಲವಂತದ ಹೇರಿಕೆ ಕಾನೂನುಬಾಹಿರ ಎಂದಿತು. ಸಂಸತ್ತು 2023ರಲ್ಲಿ ಅಂಗೀಕರಿಸಿದ ಮಧ್ಯಸ್ಥಿಕೆ ಕಾಯ್ದೆಯಲ್ಲಿನ ಸಮುದಾಯ ಮಧ್ಯಸ್ಥಿಕೆಯ ಕಲ್ಪನೆಯೂ ಎರಡೂ ಕಡೆಯವರ ಪೂರ್ವಸಮ್ಮತಿಯನ್ನೇ ಆಧರಿಸಿದೆ.

ಎರಡೂ ನಿದರ್ಶನಗಳಲ್ಲಿ ಬಂಡವಾಳ ಒಂದೇ: ಜನರ ನಂಬಿಕೆ. ಹುಬ್ಬಳ್ಳಿಯಲ್ಲಿ ಸಂಸ್ಥೆ ಅದನ್ನು ತನ್ನವರ ಮನವೊಲಿಸಲು ಬಳಸಿತು. ತಾವರೆಕೆರೆಯಲ್ಲಿ ಅದೇ ನಂಬಿಕೆ ಅಧಿಕಾರವೆಂಬ ಭ್ರಮೆಗೆ ಎಡೆಯಾಯಿತು. ಹೀಗಾಗಿ ಜಮಾತ್ ಎಷ್ಟು ವ್ಯಾಜ್ಯ ತೀರಿಸಿತು ಎಂಬ ಲೆಕ್ಕ ಅದರ ಶಾಂತಿಕಾರ್ಯಕ್ಕೆ ಸರಿಯಾದ ಅಳತೆಯಾಗಲಾರದು. ಹೆಣ್ಣಿನ ಕಡೆಯ ಮಧ್ಯಸ್ಥರು ಅಲ್ಲಿ ಕೂತಿದ್ದರೇ, ರಾಜಿ ಒಪ್ಪದವರು ನಿರ್ಭಯವಾಗಿ ಎದ್ದುಹೋಗಬಹುದಿತ್ತೇ, ಹೊಡೆತದ ದೂರು ನೇರ ಠಾಣೆಗೆ ಹೋಯಿತೇ ಎಂದು ಕೇಳಬೇಕು.