ಮಿದುಳಿನ ಭೂಪಟ ಮತ್ತು ಮಾತಿನ ರಕ್ಷಣೆ

ಭೂಪಟವೆಂದೊಡನೆ ಇತಿಹಾಸದ ವಿದ್ಯಾರ್ಥಿಗೆ ರಾಜ್ಯಗಳ ಎಲ್ಲೆಗಳು ನೆನಪಾಗುವುದು ಸಹಜ. ಶಸ್ತ್ರವೈದ್ಯರು ಮಿದುಳಿಗೂ ಇಂತಹ ಪಟವನ್ನು ರಚಿಸುವರು. ಗಡ್ಡೆಯನ್ನು ತೆಗೆಯುವಾಗ ರೋಗಿಯ ಮಾತು ಅಳಿಯದಂತೆ ಕಾಪಾಡುವುದೇ ಅದರ ಉದ್ದೇಶ. ಈ ಕ್ರಮವು ಬೆಳೆದುಬಂದ ಬಗೆಯನ್ನೂ, ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಬಹುಭಾಷಾ ಸೀಮೆಯಲ್ಲಿ ಅದು ಎಬ್ಬಿಸುವ ಪ್ರಶ್ನೆಯನ್ನೂ ಇಲ್ಲಿ ವಿವೇಚಿಸಲಾಗಿದೆ.

1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕನು ‘ಟಾನ್’ ಎಂಬ ಶಬ್ದದ ಹೊರತು ಹೆಚ್ಚೇನನ್ನೂ ನುಡಿಯಲಾರದೆ ಮೃತನಾದ ರೋಗಿಯೊಬ್ಬನ ಮಿದುಳನ್ನು ಪರೀಕ್ಷಿಸಿ, ಅದರ ಎಡ ಮುಂಭಾಗದಲ್ಲಿ ಹಾನಿಯನ್ನು ಕಂಡನು. 1874ರಲ್ಲಿ ಕಾರ್ಲ್ ವೆರ್ನಿಕೆಯು ಅರ್ಥಗ್ರಹಣಕ್ಕೆ ಸಂಬಂಧಿಸಿದ ಹಿಂಭಾಗದ ಪ್ರದೇಶವನ್ನು ಸೂಚಿಸಿದನು. ಆದರೆ ಜೀವಂತ ಮಿದುಳಿನ ಪಟವನ್ನು ಕ್ರಮಬದ್ಧವಾಗಿ ರಚಿಸಿದ ಕೀರ್ತಿಯು, 1934ರಲ್ಲಿ ಮಾಂಟ್ರಿಯಲ್ಲಿನಲ್ಲಿ ನರವಿಜ್ಞಾನ ಸಂಸ್ಥೆಯನ್ನು ತೆರೆದ ವೈಲ್ಡರ್ ಪೆನ್‌ಫೀಲ್ಡನಿಗೆ ಮುಖ್ಯವಾಗಿ ಸಲ್ಲಬೇಕು. ಮಿದುಳಿಗೆ ನೋವಿನ ಅರಿವಿಲ್ಲ. ಆದುದರಿಂದ ಆತನು ಮೂರ್ಛೆರೋಗಿಗಳ ನೆತ್ತಿಯನ್ನು ಮರಗಟ್ಟಿಸಿ, ಅವರು ಎಚ್ಚರವಾಗಿರುವಾಗಲೇ ಮಿದುಳಿಗೆ ಮಂದ ವಿದ್ಯುತ್ತನ್ನು ಹಾಯಿಸಿ, ಚಿತ್ರಗಳನ್ನು ಹೆಸರಿಸಲು ಹೇಳುತ್ತಿದ್ದನು. ಮಾತು ತಡೆದ ಸ್ಥಳದಲ್ಲಿ ಅಂಕಿಯ ಚೀಟಿಯನ್ನಿಟ್ಟು ಆ ಭಾಗವನ್ನು ಉಳಿಸುತ್ತಿದ್ದನು. ಗಡ್ಡೆಯ ಚಿಕಿತ್ಸೆಗೂ ಇದೇ ವಿಧಾನವು ವಿಸ್ತರಿಸಿತು.

ಪೆನ್‌ಫೀಲ್ಡನ ಬಳಿ ತರಬೇತಿ ಪಡೆದ ಡಾ. ಜೇಕಬ್ ಚಾಂಡಿಯವರು 1949ರಲ್ಲಿ ವೆಲ್ಲೂರಿನಲ್ಲಿ ನರಶಸ್ತ್ರ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಡಾ. ಆರ್. ಎಂ. ವರ್ಮ ಅವರಿಂದ ಇಂತಹ ವಿಭಾಗವು ಮೊದಲಾಯಿತು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು.

ಮಾತಿನ ತಾಣವು ಎಲ್ಲರಲ್ಲಿಯೂ ಒಂದೇ ಎಡೆಯಲ್ಲಿರುವುದೆ? ಅಮೆರಿಕದ ಜಾರ್ಜ್ ಓಜಮನ್ನನು 1989ರಲ್ಲಿ 117 ರೋಗಿಗಳ ಪಟಗಳನ್ನು ಹೋಲಿಸಿ, ಅದು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸಗೊಳ್ಳುವುದೆಂದು ತೋರಿಸಿದನು. ಅದಕ್ಕೂ ಮೊದಲು, 1978ರಲ್ಲಿ, ದ್ವಿಭಾಷಿಗಳಲ್ಲಿ ಕೆಲವು ತಾಣಗಳು ಎರಡು ನುಡಿಗಳಿಗೂ ಸಮಾನವಾಗಿರುವುದನ್ನೂ, ಕೆಲವು ಒಂದೊಂದಕ್ಕೇ ಮೀಸಲಾಗಿರುವುದನ್ನೂ ಅವನೂ ವಿಟೇಕರನೂ ಕಂಡಿದ್ದರು.

ನಮ್ಮ ಸೀಮೆಗೆ ಈ ಸಂಗತಿಯು ಮಹತ್ತ್ವದ್ದು. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕನ್ನಡದೊಡನೆ ಲಂಬಾಣಿ, ಉರ್ದು, ತೆಲುಗು ನುಡಿಗಳೂ ಬಳಕೆಯಲ್ಲಿವೆ. ತಾಂಡದ ಮನೆಯಲ್ಲಿ ಲಂಬಾಣಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವವನನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ, ಅವನ ತಾಯ್ನುಡಿಯ ತಾಣವು ಗುರುತಾಗದೆ ಶಸ್ತ್ರಕ್ಕೆ ಸಿಲುಕಬಹುದು. ತೋರಿಸುವ ಚಿತ್ರಗಳೂ ರೋಗಿಗೆ ಪರಿಚಿತವಾದ ನೇಗಿಲು, ಮೊರ, ಒನಕೆಗಳಂತಹವಾಗಿರಬೇಕು. ಇಲ್ಲವಾದರೆ ಅಪರಿಚಯದ ಮೌನವನ್ನು ವಿದ್ಯುತ್ತಿನ ಫಲವೆಂದು ಭಾವಿಸುವ ಅಪಾಯವುಂಟು. ಆದುದರಿಂದಲೇ ಚಿತ್ರಗಳನ್ನು ಮುಂಚಿತವಾಗಿ ತೋರಿಸಿ, ರೋಗಿಯು ಹೆಸರಿಸಲಾರದವನ್ನು ಕೈಬಿಡುವರು.

ಸತ್ತವರ ಮಿದುಳಿನಿಂದ ತೊಡಗಿದ ಈ ಶಾಸ್ತ್ರವು ಬದುಕಿರುವವನ ನುಡಿಯನ್ನೇ ದಾರಿತೋರುಗನನ್ನಾಗಿ ಮಾಡಿಕೊಂಡಿತು. ಮನೆನುಡಿ ಯಾವುದೆಂದು ಮೊದಲೇ ಕೇಳಿ ತಿಳಿಯುವುದು ಇಲ್ಲಿ ಚಿಕಿತ್ಸೆಯ ಅಂಗವೇ ಆಗಿದೆ. ಭಾಷೆಗಳ ಇತಿಹಾಸವನ್ನು ಅಭ್ಯಸಿಸುವವರು ವೈದ್ಯರಿಗೆ ನೆರವಾಗಬಹುದಾದ ಎಡೆಯೂ ಇದೇ.