ಶ್ರೀರಂಗಪಟ್ಟಣದ ಕೋವಿಗಳು

1799ನೆಯ ಇಸವಿ ಮೇ ತಿಂಗಳ 4ನೆಯ ತಾರೀಖಿನಂದು ಶ್ರೀರಂಗಪಟ್ಟಣದ ಕೋಟೆಯು ಆಂಗ್ಲೇಯರ ವಶವಾಯಿತು. ಆ ದಿನದ ಕದನವನ್ನೂ ಟಿಪ್ಪುಸುಲ್ತಾನನ ಮರಣವನ್ನೂ ಕುರಿತು ಬೇಕಾದಷ್ಟು ಗ್ರಂಥಗಳು ಹುಟ್ಟಿವೆ. ಆತನ ಆಯುಧಾಗಾರದ ಗತಿಯೇನಾಯಿತೆಂದು ವಿಚಾರಿಸಿದವರು ಅಷ್ಟು ಮಂದಿಯಿಲ್ಲ. ವಿಚಾರಿಸಿದವರಲ್ಲಿಯೂ ಅನೇಕರು ಇತಿಹಾಸಕಾರರಲ್ಲ, ಹಳೆಯ ಕೋವಿಗಳಲ್ಲಿ ಮನಸ್ಸಿಟ್ಟ ಸಂಗ್ರಹಪ್ರಿಯರು. ಮೈಸೂರಿನ ಕಮ್ಮಾರರ ಕೈಕೆಲಸವನ್ನು ಇಂದು ನೋಡಬೇಕೆಂಬವರು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೋ ಇಂಗ್ಲೆಂಡಿನ ಅರಸುಮನೆತನದ ಸಂಗ್ರಹಕ್ಕೋ ಹೋಗಬೇಕಾಗಿರುವುದು ವಿಚಿತ್ರವಾದರೂ ದಿಟ.

ಅಂದಿನ ಕೋವಿಯ ರಚನೆಯನ್ನು ಸ್ವಲ್ಪ ತಿಳಿದುಕೊಂಡಲ್ಲದೆ ಈ ಮೆಚ್ಚುಗೆಯ ಕಾರಣವು ಹೊಳೆಯದು. ಪಾಳೆಯಗಾರರ ಪಡೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುದು ಬತ್ತಿಯ ಕೋವಿ. ಮಳೆ ಬಂದರೆ ಬತ್ತಿ ನಂದುತ್ತಿತ್ತು. ಇರುಳಿನಲ್ಲಿ ಅದರ ಕೆಂಡವೇ ಶತ್ರುವಿಗೆ ಗುರುತಾಗುತ್ತಿತ್ತು. ಚಕಮಕಿಯ ಕೋವಿಯಲ್ಲಾದರೋ 'ಕುದುರೆ' ಎಂಬ ಭಾಗದ ಬಾಯಲ್ಲಿ ಚಕಮಕಿ ಕಲ್ಲನ್ನು ಬಿಗಿದಿರುತ್ತಾರೆ. ಬೆರಳಿನಿಂದ ಕೀಲನ್ನು ಒತ್ತಿದೊಡನೆ ಆ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿಯುದುರುತ್ತದೆ. ಬಟ್ಟಲಲ್ಲಿರುವ ನುಣ್ಣನೆಯ ಮದ್ದು ಹೊತ್ತಿಕೊಳ್ಳುತ್ತದೆ. ಆ ಉರಿಯು ಸಣ್ಣದೊಂದು ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟಿ ಗುಂಡನ್ನು ಹೊರಡಿಸುತ್ತದೆ. ಮಾತಿನಲ್ಲಿ ಹೇಳುವುದಕ್ಕೆ ಸುಲಭ. ಆದರೆ ಆ ಕೀಲಿನ ಒಳಗಣ ಉಕ್ಕಿನ ಕಮಾನು ಸಾವಿರ ಸಲ ಬಗ್ಗಿದರೂ ಮುರಿಯಬಾರದು, ಬಿಸಿಲಿಗೂ ಥಂಡಿಗೂ ಸಡಿಲಬಾರದು. ಇಂತಹ ಕೀಲನ್ನು ಯೂರೋಪಿನಿಂದ ಕೊಂಡುಕೊಳ್ಳುವುದಕ್ಕಿಂತ ತನ್ನ ರಾಜ್ಯದಲ್ಲಿಯೇ ಮಾಡಿಸಬೇಕೆಂಬುದು ಟಿಪ್ಪುವಿನ ಹಟವಾಗಿತ್ತು. 1788ರಲ್ಲಿ ಫ್ರಾನ್ಸಿನ ಅರಸನಾದ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಆತನ ರಾಯಭಾರಿಗಳು ಸೈನ್ಯದ ನೆರವನ್ನಷ್ಟೇ ಅಲ್ಲ, ಕುಶಲಕರ್ಮಿಗಳನ್ನೂ ಕೇಳಿದರು. ಕೇಳಿದಷ್ಟು ಸೈನ್ಯವು ದೊರೆಯಲಿಲ್ಲ. ಕೆಲಸಗಾರರು ಕೆಲವರು ಬಂದರು.

ಶ್ರೀರಂಗಪಟ್ಟಣದ ಕಾರ್ಖಾನೆಯಿಂದ ಹೊರಬಿದ್ದ ಕೋವಿಗಳು ಫ್ರಾನ್ಸಿನ ಪಡಿಯಚ್ಚುಗಳಲ್ಲ. ಕೀಲಿನ ವಿಧಾನ ಪರದೇಶದ್ದು, ಮೈಯೆಲ್ಲ ಹುಲಿಯದು. ಬಬ್ರಿಯೆಂದು ಹೆಸರಾದ ಹುಲಿಪಟ್ಟೆಯು ನಳಿಗೆಯ ಮೇಲೂ ಬೆಳ್ಳಿಯ ಕಟ್ಟುಗಳ ಮೇಲೂ ಹರಿದಿರುತ್ತದೆ. ಕೆಲವು ಕೋವಿಗಳ ನಳಿಗೆಯ ಬಾಯಿಯೇ ಹುಲಿಯ ತಲೆ. ಹೈದರನ ಹೆಸರಿನ ಅಕ್ಷರಗಳನ್ನು ನಾಲ್ಕು ಮನೆಗಳಲ್ಲಿ ಹಂಚಿ ಒತ್ತಿದ ಮುದ್ರೆಯೊಂದುಂಟು. ಕೆಲವು ಜೋಡಿ ಪಿಸ್ತೂಲುಗಳಲ್ಲಿ ಒಂದರ ಕೀಲು ಬಲಕ್ಕೂ ಇನ್ನೊಂದರದು ಎಡಕ್ಕೂ ಇದ್ದು, ಅವೆರಡೂ ಕನ್ನಡಿಯ ಬಿಂಬ ಪ್ರತಿಬಿಂಬಗಳಂತೆ ಕಾಣುತ್ತವೆ.

ಸಂಗ್ರಹಪ್ರಿಯರನ್ನು ಬಹುವಾಗಿ ಸೆಳೆಯುವುದು ಇವುಗಳ ಮೇಲಣ ಇಸವಿ. ಟಿಪ್ಪುವು 1787ರಲ್ಲಿ ಹಿಜರಿಯನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಜಾರಿಗೆ ತಂದನು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಹೀಗಾಗಿ 1222 ಎಂಬ ವರುಷವು ತಿಳಿಯದವರ ಕಣ್ಣಿಗೆ 2221 ಎಂದು ಕಾಣುತ್ತದೆ. ಇದನ್ನು ಬಿಡಿಸಿ ಕ್ರಿಸ್ತಶಕದ 1793-94 ಎಂದು ಗೊತ್ತುಮಾಡುವುದು ಮಕ್ಕಳಾಟವಲ್ಲ. ರಾಬಿನ್ ವಿಗಿಂಗ್ಟನ್ ಎಂಬ ಆಂಗ್ಲ ಸಂಗ್ರಾಹಕರು ಇಂತಹ ಗುರುತುಗಳನ್ನು ಒಂದೊಂದಾಗಿ ಕಲೆಹಾಕಿ, ಟಿಪ್ಪುವಿನ ಕೋವಿಗಳನ್ನೇ ವಿಷಯವಾಗಿಸಿಕೊಂಡು 1992ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಹಳೆಯ ಆಯುಧಗಳ ಮೋಹವನ್ನು ಹಣವಂತರ ಹುಚ್ಚೆಂದು ಹಳಿಯುವವರು ಈ ಒಂದು ಕೆಲಸವನ್ನು ನೆನೆಯುವುದು ಒಳ್ಳೆಯದು. ತವರಿನಲ್ಲಿ ನಡೆಯಬೇಕಾಗಿದ್ದ ಪರಿಶ್ರಮವನ್ನು ಹೊರಗಿನವರೊಬ್ಬರು ಮಾಡಿದರು.

ಇವು ಇಂಗ್ಲೆಂಡನ್ನು ಸೇರಿದ ಬಗೆಯನ್ನು ಮಾತ್ರ ಸಂಗ್ರಹಪ್ರಿಯರು ಚುಟುಕಾಗಿ ಹೇಳಿ ಮುಗಿಸುತ್ತಾರೆ. ಕೋಟೆ ಬಿದ್ದ ರಾತ್ರಿ ಸಿಪಾಯಿಗಳೂ ಗೋರಾಗಳೂ ಮನೆಮನೆಯನ್ನು ಸೂರೆಮಾಡಿದರು. ಕರ್ನಲ್ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಹಾಕಿಸಿದ ಮೇಲೆಯೇ ಊರು ಹತೋಟಿಗೆ ಬಂದಿತು. ಆಮೇಲೆ ನಡೆದುದು ಕಾಯಿದೆಯ ಸೂರೆ: ಅರಮನೆಯ ಸೊತ್ತಿಗೆ ಬೆಲೆ ಕಟ್ಟಿ, ಹರಾಜು ಹಾಕಿ, ಬಂದ ಹಣವನ್ನು ದರ್ಜೆಗನುಸಾರವಾಗಿ ಸೈನ್ಯದವರಿಗೆ ಹಂಚಲಾಯಿತು. ಚೆಲುವಾದ ಕೋವಿಗಳು ಅಧಿಕಾರಿಗಳ ಪೆಟ್ಟಿಗೆಗಳಲ್ಲಿ ಹಡಗನ್ನೇರಿ ಅವರ ಮನೆಗಳ ಗೋಡೆಗಳನ್ನು ಅಲಂಕರಿಸಿದವು.

ಅವುಗಳ ಅಲೆದಾಟವು ಇನ್ನೂ ನಿಂತಿಲ್ಲ. 2005ರಲ್ಲಿ ವಿಗಿಂಗ್ಟನ್ನರ ಸಂಗ್ರಹವೂ ಲಂಡನ್ನಿನಲ್ಲಿ ಹರಾಜಾಯಿತು. 2015ರ ಏಪ್ರಿಲಿನಲ್ಲಿ ಅದೇ ನಗರದ ಬಾನಮ್ಸ್ ಸಂಸ್ಥೆಯಲ್ಲಿ ಟಿಪ್ಪುವಿನ ಮೂವತ್ತು ವಸ್ತುಗಳು ಒಟ್ಟು 60 ಲಕ್ಷ ಪೌಂಡಿಗೂ ಮಿಗಿಲಾಗಿ ಮಾರಾಟವಾದವು. ಅವುಗಳಲ್ಲಿ, ಅಸದ್ ಖಾನ್ ಮಹಮ್ಮದ್ ಎಂಬ ಕುಶಲಿಯ ಅಂಕಿತವುಳ್ಳ, ಮೇಲೆ ಹೇಳಿದ 1222ನೆಯ ವರುಷದ ಬೇಟೆಯ ಕೋವಿಯೊಂದಕ್ಕೇ 7 ಲಕ್ಷ ಪೌಂಡಿಗಿಂತ ಹೆಚ್ಚು ಬೆಲೆ ಬಂದಿತು. ಆ ಕುಶಲಿಯ ಬಾಳಿನ ವೃತ್ತಾಂತವನ್ನು ಕೇಳಿದರೆ ಹೇಳಬಲ್ಲವರು ಹರಾಜಿನ ಕಟ್ಟೆಯಲ್ಲಿರಲಿಲ್ಲ.

ಬೇಟೆಯ ಕೋವಿಯೆಂದೆವಷ್ಟೆ. ಗಮನಿಸಬೇಕಾದ ಮಾತು ಇಲ್ಲಿಯೇ ಇದೆ. ಗಾಜಿನ ಪೆಟ್ಟಿಗೆಗಳಲ್ಲಿ ಮೆರೆಯುತ್ತಿರುವ ಬೆಳ್ಳಿಬಂಗಾರದ ಕೋವಿಗಳಲ್ಲಿ ಹೆಚ್ಚಿನವು ಸುಲ್ತಾನನ ಸ್ವಂತ ಬಳಕೆಗೋ ಕಾಣಿಕೆ ಕೊಡುವುದಕ್ಕೋ ಮಾಡಿಸಿದವು. ರಣದಲ್ಲಿ ಮೈಸೂರಿನ ಕಾಲಾಳುಗಳು ಹೊತ್ತವಲ್ಲ. ಕೋಟೆ ಬಿದ್ದಾಗ ಅಲ್ಲಿ 929 ಫಿರಂಗಿಗಳೂ ಹತ್ತಾರು ಸಾವಿರ ಬಂದೂಕುಗಳೂ ಸಿಕ್ಕಿದವು. ಆ ಬಂದೂಕುಗಳಿಗೆ ಬೆಳ್ಳಿಯ ಕಟ್ಟಿರಲಿಲ್ಲ. ಆದುದರಿಂದ ಯಾವ ಅಧಿಕಾರಿಯೂ ಅವನ್ನು ಮನೆಗೆ ಒಯ್ಯಲಿಲ್ಲ. ಅಂದವುಳ್ಳದ್ದು ಉಳಿಯಿತು, ದುಡಿದದ್ದು ಹೆಚ್ಚುಕಡಮೆ ಅಳಿಯಿತು. ಈಗ ಉಳಿದಿರುವ ಕೋವಿಗಳನ್ನಷ್ಟೇ ನೋಡಿ ಮೈಸೂರಿನ ಸೇನೆಯನ್ನು ಕಲ್ಪಿಸಿಕೊಳ್ಳುವುದು, ಮದುವೆಯ ಪಲ್ಲಕ್ಕಿಯನ್ನು ನೋಡಿ ಊರಿನ ಗಾಡಿಗಳನ್ನು ಊಹಿಸಿದಂತೆ.

ದುಡಿದ ಆಯುಧವೊಂದು ಅಕಸ್ಮಾತ್ತಾಗಿ ಉಳಿದುಬಂದ ಕಥೆ ನಮ್ಮ ಮಲೆನಾಡಿನದೇ. 1763ರಲ್ಲಿ ಹೈದರನು ಕೆಳದಿಯವರ ಬಿದನೂರನ್ನು ಗೆದ್ದು, ಅದಕ್ಕೆ ಹೈದರನಗರವೆಂದು ತನ್ನ ಹೆಸರನ್ನಿಟ್ಟು, ಅಲ್ಲಿ ಆಯುಧಾಗಾರವನ್ನು ಸ್ಥಾಪಿಸಿದನು. ಈಗ ಶಿವಮೊಗ್ಗ ಜಿಲ್ಲೆಯಲ್ಲಿ ಬರಿಯ ನಗರವೆಂದು ಕರೆಯಿಸಿಕೊಳ್ಳುವ ಆ ಊರಿನ ಬಾವಿಯೊಂದರಲ್ಲಿ 2002ರಲ್ಲಿ ತುಕ್ಕುಹಿಡಿದ ಕಬ್ಬಿಣದ ಕೊಳವೆಗಳು ದೊರೆತವು. ಫಿರಂಗಿಯ ಗುಂಡುಗಳೆಂದು ತಿಳಿದು ಅವನ್ನು ಬಹುಕಾಲ ಉಗ್ರಾಣದಲ್ಲಿರಿಸಿದ್ದರು. ಅವು ಟಿಪ್ಪುವಿನ ಕಾಲದ ಬಾಣಗಳು, ಎಂದರೆ ರಾಕೆಟ್ಟುಗಳು, ಎಂಬುದು ಆಮೇಲೆ ಸ್ಪಷ್ಟವಾಯಿತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ದಂಡನ್ನು ಕಂಗೆಡಿಸಿದುದೂ, 1799ರ ಬಳಿಕ ವುಲ್ವಿಚ್ಚಿನ ಆಯುಧಶಾಲೆಗೆ ಹೋಗಿ ಕಾಂಗ್ರೀವನ ಪ್ರಯೋಗಗಳಿಗೆ ಮಾದರಿಯಾದುದೂ ಇದೇ ಜಾತಿಯ ಬಾಣ. ತನ್ನ ಊರಿನಲ್ಲಿಯೇ ಅದರ ಗುರುತು ಮರೆತುಹೋಗಿತ್ತು.

2018ರ ಜುಲೈಯಲ್ಲಿ ಪುರಾತತ್ತ್ವ ಇಲಾಖೆಯವರು ಅಲ್ಲಿನ ಪಾಳುಬಾವಿಯ ಹೂಳನ್ನು ಅಗೆಯಿಸಿದರು. ಮೇಲೆ ಬಂದ ಮಣ್ಣಿನಲ್ಲಿ ಮದ್ದಿನ ವಾಸನೆಯಿನ್ನೂ ಇತ್ತು. ಒಂದು ಮೊಳವೂ ಉದ್ದವಿಲ್ಲದ ಸಾವಿರಕ್ಕೂ ಮಿಗಿಲಾದ ಬಾಣಗಳನ್ನು ಹೊರತೆಗೆದು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. ಅವುಗಳ ಮೇಲೆ ಹುಲಿಪಟ್ಟೆಯಿಲ್ಲ, ಬೆಳ್ಳಿಯಿಲ್ಲ, ಮಾಡಿದವನ ಅಂಕಿತವೂ ಇಲ್ಲ.